ಕ್ಯಾಂಟೀನ್ ಫೈಲು ಸಿಂಡಿಕೇಟ್ ದಾಟುವುದು ಹೇಗೆ? ವಿಶ್ವವಿದ್ಯಾಲಯದ ವ್ಯವಹಾರ ನಿರ್ಣಯಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಕ್ಯಾಂಪಸ್ಸಿನಲ್ಲಿ ಇಡ್ಲಿ ಬೆಲೆ ಐದು ರೂಪಾಯಿ ಜಾಸ್ತಿ ಆದ ದಿನ ಹುಡುಗರು ಮೊದಲು ಬೈಯುವುದು ಕ್ಯಾಂಟೀನಿನವರನ್ನು. ಆಮೇಲೆ ಕುಲಪತಿಗಳನ್ನು. ಆದರೆ ಆ ಐದು ರೂಪಾಯಿ ಹುಟ್ಟಿದ್ದು ಎಲ್ಲಿ ಎಂದು ಹುಡುಕುತ್ತಾ ಹೋದರೆ, ಏಳೆಂಟು ತಿಂಗಳ ಹಿಂದೆ ಯಾರೋ ಬರೆದ ಒಂದು ಟಿಪ್ಪಣಿ ಹಾಳೆ ಸಿಗುತ್ತದೆ. ಅದರ ಕೆಳಗೆ ಆರು ಜನರ ಸಹಿ ಇರುತ್ತದೆ. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟಿನ ಸಭೆ ಬರುವುದು ಅದೆಲ್ಲ ಆದ ಮೇಲೆ.

ಒಂದು ರಾಜ್ಯ ವಿಶ್ವವಿದ್ಯಾಲಯದ ಆಡಳಿತ ಕಚೇರಿಯಲ್ಲಿ ಬಹಳ ವರ್ಷ ಇಂಥ ಫೈಲುಗಳ ಜೊತೆ ಕಳೆದಿದ್ದೇನೆ. ಹೊಸದಾಗಿ ನಾಮನಿರ್ದೇಶನಗೊಂಡ ಸಿಂಡಿಕೇಟ್ ಸದಸ್ಯರು, ಹಾಸ್ಟೆಲ್ ವಾರ್ಡನ್ ಆದ ಮೇಷ್ಟ್ರುಗಳು, ಝೆರಾಕ್ಸ್ ಅಂಗಡಿಯವರು, ವಿದ್ಯಾರ್ಥಿ ಮುಖಂಡರು ಎಲ್ಲರೂ ಕೇಳುತ್ತಿದ್ದ ಪ್ರಶ್ನೆ ಒಂದೇ: "ಸಾರ್, ಇದು ಎಲ್ಲಿ ತೀರ್ಮಾನ ಆಗುತ್ತೆ?" ಅದಕ್ಕೆ ಉತ್ತರವಾಗಿ ಈ ಬರಹ. ಉದಾಹರಣೆಗೆ ಕ್ಯಾಂಟೀನ್ ಫೈಲನ್ನೇ ಇಟ್ಟುಕೊಳ್ಳುತ್ತೇನೆ. ಬ್ಯಾಂಕಿಗೆ ಕೊಟ್ಟ ಕೋಣೆ, ಸೆಕ್ಯುರಿಟಿ ಏಜೆನ್ಸಿ, ಕಂಪ್ಯೂಟರ್ ಖರೀದಿ, ಇವೆಲ್ಲ ಓಡಾಡುವುದೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ.

ಮೊದಲು: ನಿಮ್ಮ ವಿಶ್ವವಿದ್ಯಾಲಯ ಯಾವ ಕಾಯ್ದೆಯಡಿ ಬರುತ್ತದೆ ನೋಡಿ

ಮೈಸೂರು, ಬೆಂಗಳೂರು, ಧಾರವಾಡದ ಕರ್ನಾಟಕ, ಮಂಗಳೂರು, ಗುಲ್ಬರ್ಗ, ಕುವೆಂಪು, ತುಮಕೂರು, ಇವೆಲ್ಲ ನಡೆಯುವುದು ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮ 2000ರ ಪ್ರಕಾರ. ಇಲ್ಲಿ ಆಡಳಿತ ಮಂಡಳಿಯ ಹೆಸರು ಸಿಂಡಿಕೇಟ್. 1976ರ ಹಳೆಯ ಕಾಯ್ದೆಯಲ್ಲಿ ಸೆನೆಟ್ ಅಂತ ಇನ್ನೊಂದು ದೊಡ್ಡ ಸಭೆಯೂ ಇತ್ತು. ಹಳಬರು ಈಗಲೂ ಮಾತಿಗೆ "ಸೆನೆಟ್ ಹಾಲ್" ಅನ್ನುವುದು ಅದಕ್ಕೇ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಬೇರೆ ಕಾಯ್ದೆ ಇದೆ, ಅಲ್ಲಿ ಕಾರ್ಯಕಾರಿ ಪರಿಷತ್ತು. ಕೃಷಿ ವಿಶ್ವವಿದ್ಯಾಲಯಗಳಲ್ಲಿ ವ್ಯವಸ್ಥಾಪನಾ ಮಂಡಳಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೂ ತನ್ನದೇ ಕಾಯ್ದೆ. ಹೆಸರು ಬದಲಾದರೂ ಫೈಲು ನಡೆಯುವ ರೀತಿ ಅಷ್ಟೇನೂ ಬದಲಾಗುವುದಿಲ್ಲ. ನಾನು ಸಿಂಡಿಕೇಟ್ ಅಂತಲೇ ಬರೆಯುತ್ತೇನೆ.

ಯಾರು ಯಾರು ಅಂತ ಒಮ್ಮೆ ನೋಡಿಬಿಡೋಣ. ಸಭೆಯ ಅಧ್ಯಕ್ಷರು ಕುಲಪತಿ. ಕಾರ್ಯದರ್ಶಿ ಕುಲಸಚಿವರು, ಅಂದರೆ ಆಡಳಿತ ನೋಡಿಕೊಳ್ಳುವ ಕುಲಸಚಿವರು. ಮೌಲ್ಯಮಾಪನ ಕುಲಸಚಿವರು ಬೇರೆ, ಅವರಿಗೆ ಪರೀಕ್ಷೆಯ ಕೆಲಸ. ಸದಸ್ಯರಲ್ಲಿ ಸರ್ಕಾರದ ನಾಮನಿರ್ದೇಶಿತರು, ಕುಲಾಧಿಪತಿಗಳಾದ ರಾಜ್ಯಪಾಲರ ನಾಮನಿರ್ದೇಶಿತರು, ಡೀನ್‌ಗಳು, ಕಾಲೇಜು ಪ್ರಾಂಶುಪಾಲರು, ಇಲಾಖೆಯ ಅಧಿಕಾರಿಗಳು ಇರುತ್ತಾರೆ. ಹಣದ ವಿಷಯಕ್ಕೆ ಹಣಕಾಸು ಅಧಿಕಾರಿ ಮತ್ತು ಹಣಕಾಸು ಸಮಿತಿ. ಹೊಸ ಸದಸ್ಯರಿಗೆ ನಾನು ಹೇಳುತ್ತಿದ್ದುದು ಇಷ್ಟು: ಕುಲಪತಿಗಳ ಜೊತೆ ಫೋಟೋ ಆಮೇಲೆ ತೆಗೆಸಿಕೊಳ್ಳಿ, ಮೊದಲ ವಾರ ಹಣಕಾಸು ಅಧಿಕಾರಿಯ ಕೋಣೆಯಲ್ಲಿ ಒಂದು ಗಂಟೆ ಕೂತು ಬನ್ನಿ.

ಹಂತ 1: ಹಣ ಒಳಗೆ ಬರುತ್ತಾ, ಹೊರಗೆ ಹೋಗುತ್ತಾ?

ಸುಮ್ನೆ ಕೇಳಿದರೆ ಪೆದ್ದು ಪ್ರಶ್ನೆ ಅನ್ನಿಸುತ್ತದೆ. ಆದರೆ ಫೈಲಿನ ದಾರಿ ಕವಲೊಡೆಯುವುದೇ ಇಲ್ಲಿ.

ವಿಶ್ವವಿದ್ಯಾಲಯ ದುಡ್ಡು ಕೊಟ್ಟು ಏನಾದರೂ ಕೊಳ್ಳುತ್ತಿದ್ದರೆ, ಅದು ಮೇಜು ಕುರ್ಚಿ ಇರಲಿ, ಕಟ್ಟಡ ಕಾಮಗಾರಿ ಇರಲಿ, ಹೌಸ್‌ಕೀಪಿಂಗ್ ಸೇವೆ ಇರಲಿ, ಕೆಟಿಪಿಪಿ ಕಾಯ್ದೆ ಬರುತ್ತದೆ. 1999ರ ಈ ಕಾಯ್ದೆ ಸಾರ್ವಜನಿಕ ಖರೀದಿಗಳಲ್ಲಿ ಪಾರದರ್ಶಕತೆ ಇರಬೇಕು ಅಂತ ಮಾಡಿದ್ದು. ಸಣ್ಣ ಮೊತ್ತ ಮೀರಿದರೆ ಸರ್ಕಾರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಲ್ಲಿ ಟೆಂಡರ್ ಕರೆಯಬೇಕು. ಟೆಂಡರ್ ಕರೆಯುವವರು ಯಾರು, ಒಪ್ಪುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ಸೋತವರಿಗೆ ನ್ಯಾಯ ಸಿಗಲಿಲ್ಲ ಅನ್ನಿಸಿದರೆ 16ನೇ ಕಲಮಿನಡಿ ಮೇಲ್ಮನವಿಗೆ ಅವಕಾಶ ಇದೆ, 30 ದಿನದ ಒಳಗೆ.

ಈ ಕಾಯ್ದೆಗೆ ಒಂದು ಕಿಟಕಿಯೂ ಇದೆ. ಪತ್ರಿಕೆಗಳಲ್ಲಿ "4ಜಿ ವಿನಾಯಿತಿ" ಅಂತ ಓದಿರುತ್ತೀರಿ, ಮೊಬೈಲಿಗೂ ಅದಕ್ಕೂ ಸಂಬಂಧ ಇಲ್ಲ. 4ನೇ ಕಲಮಿನ ಜಿ ಉಪಬಂಧ ಅದು. ನಿರ್ದಿಷ್ಟ ಖರೀದಿಯೊಂದಕ್ಕೆ ಟೆಂಡರ್ ಬೇಡ ಅಂತ ಸರ್ಕಾರ ಅಧಿಸೂಚನೆ ಹೊರಡಿಸಬಹುದು. ವಿನಾಯಿತಿ ಕೊಡುವುದು ಸರ್ಕಾರ ಎಂಬುದನ್ನು ಗಮನಿಸಿ. ಸಿಂಡಿಕೇಟ್ ತಾನೇ ಕೂತು "ಈ ಸಲ ಟೆಂಡರ್ ಬೇಡ" ಅಂದರೆ ಆಗುವುದಿಲ್ಲ. ಹಾಗೆ ಅಂದ ಫೈಲುಗಳು ಲೆಕ್ಕ ಪರಿಶೋಧನೆಯಲ್ಲಿ ಬಹಳ ಕಾಲ ನರಳುತ್ತವೆ.

ಇನ್ನು ಕ್ಯಾಂಟೀನ್. ಇಲ್ಲಿ ವಿಶ್ವವಿದ್ಯಾಲಯ ದುಡ್ಡು ಕೊಡುವುದಿಲ್ಲ, ಬಾಡಿಗೆ ತೆಗೆದುಕೊಳ್ಳುತ್ತದೆ. ಇದು ಖರೀದಿ ಅಲ್ಲ, ಆಸ್ತಿ ನಿರ್ವಹಣೆ. ಇಲ್ಲಿ ಕಡಿಮೆ ದರದವರಿಗೆ ಬದಲು ಜಾಸ್ತಿ ಬಾಡಿಗೆ ಕೊಡುವವರಿಗೆ ಸಿಗುವುದು ವಾಡಿಕೆ. ತೊಂದರೆ ಶುರುವಾಗುವುದೂ ಇಲ್ಲೇ. ಅದಕ್ಕೆ ಹಂತ 3ರಲ್ಲಿ ಬರುತ್ತೇನೆ.

ಹಂತ 2: ಟಿಪ್ಪಣಿ ಹಾಳೆ

ವಿಷಯ ಹುಟ್ಟುವುದು ಎಸ್ಟೇಟ್ ವಿಭಾಗದಲ್ಲೋ ವಿದ್ಯಾರ್ಥಿ ಕ್ಷೇಮಪಾಲನಾ ವಿಭಾಗದಲ್ಲೋ. "ಈಗಿನ ಕರಾರು ಮಾರ್ಚ್ 31ಕ್ಕೆ ಮುಗಿಯುತ್ತದೆ" ಅಂತ ವಿಷಯ ನಿರ್ವಾಹಕರು ಒಂದು ಟಿಪ್ಪಣಿ ಬರೆಯುತ್ತಾರೆ. ಅಧೀಕ್ಷಕರು, ಸಹಾಯಕ ಕುಲಸಚಿವರು, ಉಪ ಕುಲಸಚಿವರು, ಹಣಕಾಸು ಅಧಿಕಾರಿ, ಕುಲಸಚಿವರು, ಕುಲಪತಿ, ಹೀಗೆ ಅದು ಮೇಲೆ ಹತ್ತುತ್ತದೆ. ಈಗ ಇ-ಆಫೀಸ್ ಬಂದ ಕಡೆ ಇದೆಲ್ಲ ಪರದೆಯ ಮೇಲೆ ನಡೆಯುತ್ತದೆ. ಸಾಲು ಮಾತ್ರ ಅದೇ.

ಟಿಪ್ಪಣಿ ಬರೆಯುವವರು ನೀವಾಗಿದ್ದರೆ, ಕರಾರು ಮುಗಿಯುವುದಕ್ಕೆ ಆರು ತಿಂಗಳು ಇರುವಾಗಲೇ ಶುರು ಮಾಡಿ. ಆರು ತಿಂಗಳು ಜಾಸ್ತಿ ಅನ್ನಿಸಬಹುದು. ಸಹಿಗಳಿಗೆ ಒಂದು ತಿಂಗಳು, ಷರತ್ತು ಬರೆಯಲು ಒಂದು ತಿಂಗಳು, ಪ್ರಕಟಣೆ ಮತ್ತು ಬಿಡ್ ತೆರೆಯಲು ಎರಡು ತಿಂಗಳು, ಸಿಂಡಿಕೇಟ್ ದಿನಾಂಕ ಸಿಗಲು ಇನ್ನೊಂದು. ಮಧ್ಯೆ ಚುನಾವಣಾ ನೀತಿ ಸಂಹಿತೆ ಬಂತೋ, ಕುಲಪತಿಗಳ ಅವಧಿ ಮುಗಿದು ಪ್ರಭಾರಿಗಳು ಬಂದರೋ, ಫೈಲು ಅಲ್ಲೇ ಕೂರುತ್ತದೆ. ಪ್ರಭಾರಿಗಳು ದೊಡ್ಡ ಸಹಿ ಹಾಕಲು ಹಿಂಜರಿಯುತ್ತಾರೆ. ಅವರದ್ದೇನೂ ತಪ್ಪಿಲ್ಲ.

ಟಿಪ್ಪಣಿಯಲ್ಲಿ ಇರಲೇಬೇಕಾದವು: ಈಗಿನ ಬಾಡಿಗೆ ಎಷ್ಟು, ಠೇವಣಿ ಎಷ್ಟು, ಬಾಕಿ ಇದೆಯಾ, ಕರೆಂಟು ಮತ್ತು ನೀರಿಗೆ ಬೇರೆ ಮೀಟರ್ ಇದೆಯಾ, ಹಿಂದಿನ ಸಿಂಡಿಕೇಟ್ ನಿರ್ಣಯದ ಸಂಖ್ಯೆ ಮತ್ತು ದಿನಾಂಕ, ಲೋಕೋಪಯೋಗಿ ಇಲಾಖೆಯ ದರದ ಪ್ರಕಾರ ಜಾಗದ ಬಾಡಿಗೆ ಎಷ್ಟಾಗಬೇಕು. ಮೀಟರ್ ವಿಷಯವನ್ನು ಯಾರೂ ಬರೆಯುವುದಿಲ್ಲ. ಬೇರೆ ಮೀಟರ್ ಇಲ್ಲದೆ ಕ್ಯಾಂಟೀನಿನ ಫ್ರಿಜ್ಜು, ಗ್ರೈಂಡರು ಎಲ್ಲ ವಿಶ್ವವಿದ್ಯಾಲಯದ ಬಿಲ್ಲಿನಲ್ಲೇ ಓಡಿದ್ದನ್ನು ನಾನೇ ನೋಡಿದ್ದೇನೆ.

ಹಂತ 3: ಷರತ್ತು ಬರೆಯುವುದು

ನನ್ನನ್ನು ಕೇಳಿದರೆ ನಿಜವಾದ ತೀರ್ಮಾನ ಆಗುವುದು ಇಲ್ಲಿ. ಸಿಂಡಿಕೇಟ್ ಹಾಲಿನ ದೊಡ್ಡ ಮೇಜಿನ ಮೇಲೆ ಬರುವ ಹೊತ್ತಿಗೆ ಬಿಡ್ ತೆರೆದಾಗಿರುತ್ತದೆ. ಆಗ ಉಳಿದಿರುವುದು ಹೌದು ಅಥವಾ ಇಲ್ಲ, ಅಷ್ಟೇ.

ಒಂದು ಲೆಕ್ಕ ಮಾಡೋಣ. ಇಬ್ಬರು ಬಿಡ್ ಹಾಕಿದ್ದಾರೆ ಅಂದುಕೊಳ್ಳಿ. ಒಬ್ಬರದು ತಿಂಗಳಿಗೆ 60,000 ರೂಪಾಯಿ, ಇನ್ನೊಬ್ಬರದು 36,000. ಕಣ್ಣು ಮುಚ್ಚಿ 60,000ಕ್ಕೆ ಕೊಟ್ಟರೆ ವಿಶ್ವವಿದ್ಯಾಲಯಕ್ಕೆ ವರ್ಷಕ್ಕೆ 7,20,000 ಬರುತ್ತದೆ. ಆದರೆ ಕ್ಯಾಂಪಸ್ಸಿನಲ್ಲಿ ಜನ ಇರುವುದು ಒಂಬತ್ತು ತಿಂಗಳು, ತಿಂಗಳಿಗೆ 24 ದಿನ. ಒಟ್ಟು 216 ದಿನ. ದಿನಕ್ಕೆ 3,333 ರೂಪಾಯಿ ಬಾಡಿಗೆಗೇ ದುಡಿಯಬೇಕು. ದಿನಕ್ಕೆ ಸಾವಿರ ಪ್ಲೇಟ್ ಹೋದರೆ ಪ್ಲೇಟಿಗೆ ಮೂರು ರೂಪಾಯಿ ಮೂವತ್ತಮೂರು ಪೈಸೆ. 36,000ದವರಿಗೆ ಇದೇ ಲೆಕ್ಕ ಪ್ಲೇಟಿಗೆ ಎರಡು ರೂಪಾಯಿ. ಈ ವ್ಯತ್ಯಾಸವನ್ನು ಕೊಡುವವರು ಯಾರು? ಹಾಸ್ಟೆಲ್ಲಿನ ಹುಡುಗ ಕೊಡುತ್ತಾನೆ, ಇಲ್ಲವೇ ಇಡ್ಲಿ ಸಣ್ಣದಾಗುತ್ತದೆ.

ಅದಕ್ಕೇ ಷರತ್ತಿನಲ್ಲಿ ತಿಂಡಿಯ ಗರಿಷ್ಠ ಬೆಲೆ ಮತ್ತು ತೂಕ ಎರಡನ್ನೂ ಮೊದಲೇ ಬರೆಯಿರಿ. ಬರೀ ಬೆಲೆ ಬರೆದು ತೂಕ ಬಿಟ್ಟರೆ ದೋಸೆ ಕಾಗದದ ಹಾಗೆ ಆಗುತ್ತದೆ. ಟೀ ಎಷ್ಟು ಎಂಎಲ್, ಅನ್ನ ಎಷ್ಟು ಗ್ರಾಂ ಅಂತ ಬರೆಯಲು ನಾಚಿಕೆ ಬೇಡ. ಬೆಲೆ ಮತ್ತು ತೂಕ ನಿಗದಿ ಆದ ಮೇಲೆ ಬಾಡಿಗೆಗೆ ಪೈಪೋಟಿ ಮಾಡಲಿ. ಆಗ ಯಾರೂ ಹುಚ್ಚು ಹುಚ್ಚಾಗಿ 60,000 ಬರೆಯುವುದಿಲ್ಲ.

ಇನ್ನು ಕೆಲವು. ಬಾಡಿಗೆ ಜಿಎಸ್‌ಟಿ ಸೇರಿಸಿಯೋ ಬಿಟ್ಟೋ ಸ್ಪಷ್ಟವಾಗಿ ಬರೆಯಿರಿ. ವಾಣಿಜ್ಯ ಬಾಡಿಗೆಗೆ ಶೇ. 18 ತೆರಿಗೆ ಇದೆ, ಆಮೇಲೆ ಜಗಳ ಬೇಡ. ರಜೆಯ ತಿಂಗಳಲ್ಲಿ ಪೂರ್ತಿ ಬಾಡಿಗೆಯೋ ಅರ್ಧವೋ ಈಗಲೇ ಹೇಳಿ. ಇಲ್ಲದಿದ್ದರೆ ಪ್ರತಿ ಜೂನ್‌ನಲ್ಲಿ ರಿಯಾಯಿತಿ ಕೇಳುವ ಅರ್ಜಿ ಬರುತ್ತದೆ, ಪ್ರತಿ ಅರ್ಜಿಯೂ ಒಂದು ಹೊಸ ಫೈಲು. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಪರವಾನಗಿ ಕಡ್ಡಾಯ ಮಾಡಿ. "ಮೂರು ವಿಶ್ವವಿದ್ಯಾಲಯಗಳಲ್ಲಿ ಹತ್ತು ವರ್ಷ ಅನುಭವ" ಅನ್ನುವ ಥರದ ಷರತ್ತು ಎಲ್ಲಾದರೂ ಕಂಡರೆ, ಅದು ಯಾರೋ ಒಬ್ಬರ ಅಳತೆಗೆ ಹೊಲಿದ ಅಂಗಿ ಇರಬಹುದು ಅಂತ ಅನುಮಾನ ಪಡಿ.

ಇಂಥ ಕರಾರುಗಳ ಅವಧಿ ಸಾಮಾನ್ಯವಾಗಿ 11 ತಿಂಗಳು ಇರುವುದು ಯಾಕೆ ಅಂತ ಬಹಳ ಜನ ಕೇಳುತ್ತಾರೆ. ಒಂದು ವರ್ಷ ಮೀರಿದ ಗುತ್ತಿಗೆಯನ್ನು ನೋಂದಣಿ ಮಾಡಿಸಲೇಬೇಕು, ಅದನ್ನು ತಪ್ಪಿಸಲು ಈ 11. ಸಣ್ಣ ಅಂಗಡಿಗೆ ಸರಿ. ಆದರೆ ಅಡುಗೆಮನೆಗೆ ಲಕ್ಷಗಟ್ಟಲೆ ಹಾಕಬೇಕಾದ ಕ್ಯಾಂಟೀನಿಗೆ 11 ತಿಂಗಳು ಅಂದರೆ ಒಳ್ಳೆಯವರು ಬರುವುದಿಲ್ಲ. ಮೂರು ವರ್ಷ ಕೊಟ್ಟು ನೋಂದಣಿ ಮಾಡಿಸುವುದೇ ಮೇಲು ಅಂತ ನನ್ನ ಅಭಿಪ್ರಾಯ. ಜಮೀನು ಮಾರುವ, ದೀರ್ಘಾವಧಿಗೆ ಬಿಟ್ಟುಕೊಡುವ ಮಾತು ಬಂದರೆ ಮಾತ್ರ ಸರ್ಕಾರದ ಒಪ್ಪಿಗೆ ಇಲ್ಲದೆ ಮುಂದೆ ಹೋಗಬೇಡಿ.

ಹಂತ 4: ಕಾರ್ಯಸೂಚಿ ಟಿಪ್ಪಣಿ

ಖರ್ಚಿನ ವಿಷಯವಾದರೆ ಮೊದಲು ಹಣಕಾಸು ಸಮಿತಿ. ಆಯವ್ಯಯದಲ್ಲಿ ಯಾವ ಲೆಕ್ಕ ಶೀರ್ಷಿಕೆ, ಅದರಲ್ಲಿ ಎಷ್ಟು ಉಳಿದಿದೆ ಅಂತ ತೋರಿಸಬೇಕು. ಆಮೇಲೆ ಸಿಂಡಿಕೇಟ್.

ಕಾರ್ಯಸೂಚಿ ಟಿಪ್ಪಣಿ ಹೇಗಿರಬಾರದು ಎಂದರೆ ಹೀಗೆ:

"ಕ್ಯಾಂಟೀನ್ ನಿರ್ವಹಣೆ ಕುರಿತು ಚರ್ಚಿಸಿ ಸೂಕ್ತ ನಿರ್ಣಯ ಕೈಗೊಳ್ಳಲು ಮಂಡಿಸಿದೆ."

ಇದನ್ನು ಓದಿದ ಸದಸ್ಯರಿಗೆ ಏನು ಕೇಳುತ್ತಿದ್ದಾರೆ ಅಂತಲೇ ಗೊತ್ತಾಗುವುದಿಲ್ಲ. ಹೀಗಿರಬೇಕು:

"ಮುಖ್ಯ ಕ್ಯಾಂಟೀನ್ ಕಟ್ಟಡವನ್ನು ಅನುಬಂಧ 1ರ ಷರತ್ತು ಮತ್ತು ಅನುಬಂಧ 2ರ ದರಪಟ್ಟಿಗೆ ಒಳಪಟ್ಟು, ತಿಂಗಳಿಗೆ 38,000 ರೂ. (ಜಿಎಸ್‌ಟಿ ಹೊರತುಪಡಿಸಿ) ಬಾಡಿಗೆಗೆ, ಮೂರು ವರ್ಷದ ಅವಧಿಗೆ, ಅತಿ ಹೆಚ್ಚು ಮೊತ್ತದ ಬಿಡ್ ಸಲ್ಲಿಸಿದವರಿಗೆ ನೀಡಲು ಅನುಮೋದನೆ ಕೋರಿದೆ. ಬಿಡ್‌ಗಳ ತುಲನಾತ್ಮಕ ಪಟ್ಟಿ ಅನುಬಂಧ 3."

ಅನುಬಂಧಗಳನ್ನು ಲಗತ್ತಿಸಿದ್ದೀರಾ ಅಂತ ಎರಡು ಸಲ ನೋಡಿ. ನನ್ನ ಕಾಲದಲ್ಲಿ ಒಮ್ಮೆ ಹದಿನೆಂಟು ಸೆಟ್ ಕಾರ್ಯಸೂಚಿ ಕಳಿಸಿದೆವು. ಝೆರಾಕ್ಸ್ ಮಾಡುವಾಗ ತುಲನಾತ್ಮಕ ಪಟ್ಟಿಯ ಹಾಳೆ ಎಲ್ಲ ಸೆಟ್‌ನಲ್ಲೂ ಬಿಟ್ಟುಹೋಗಿತ್ತು. ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, "ಅನುಬಂಧ 3 ಎಲ್ರೀ?" ಅಂದರು. ನಾನು ಮೂಲ ಫೈಲು ತರಲು ಮೆಟ್ಟಿಲು ಇಳಿದು ಓಡಿದೆ. ವಾಪಸ್ ಬರುವಷ್ಟರಲ್ಲಿ ವಿಷಯ ಮುಂದೂಡಿ ಮುಂದಿನದಕ್ಕೆ ಹೋಗಿದ್ದರು. ಮುಂದಿನ ಸಭೆ ಆದದ್ದು ಮೂರು ತಿಂಗಳಿಗೆ. ಅಷ್ಟೂ ದಿನ ಹಳೆಯ ಗುತ್ತಿಗೆದಾರರು ಕರಾರು ಇಲ್ಲದೆ, ಹಳೆಯ ಬಾಡಿಗೆಯಲ್ಲೇ ಮುಂದುವರಿದರು. ಒಂದು ಹಾಳೆಯ ಬೆಲೆ ಅದು.

ಹಂತ 5: ಸಭೆ

ಸಭೆಯಲ್ಲಿ ಮೊದಲು ಹಿಂದಿನ ನಡಾವಳಿಯ ದೃಢೀಕರಣ, ಆಮೇಲೆ ಕೈಗೊಂಡ ಕ್ರಮದ ವರದಿ, ಆಮೇಲೆ ಹೊಸ ವಿಷಯಗಳು, ಕೊನೆಗೆ "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು".

ಸದಸ್ಯರೇ, ಈ ಕೊನೆಯದರ ಮೇಲೆ ಕಣ್ಣಿಡಿ. ಮೊದಲೇ ಹಂಚದ ವಿಷಯಗಳು ಬರುವುದು ಇಲ್ಲಿ, ಊಟದ ಹೊತ್ತಿಗೆ. ಅರ್ಧ ಜನ ಎದ್ದಿರುತ್ತಾರೆ. ತುರ್ತು ಇದ್ದರೆ ಸರಿ. ಆದರೆ ಕೋಟಿ ರೂಪಾಯಿಯ ಖರೀದಿ ಕೊನೇ ಗಳಿಗೆಯಲ್ಲಿ ಬಿಡಿ ಹಾಳೆಯಾಗಿ ಕೈಗೆ ಬಂದರೆ, "ಮುಂದಿನ ಸಭೆಗೆ ಟಿಪ್ಪಣಿ ಸಮೇತ ತನ್ನಿ" ಅನ್ನಲು ನಿಮಗೆ ಹಕ್ಕಿದೆ. ನೀವು ಒಪ್ಪದಿದ್ದರೆ ಬರೀ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ. ನಿಮ್ಮ ಭಿನ್ನಮತ ನಡಾವಳಿಯಲ್ಲಿ ದಾಖಲಾಗಲಿ ಅಂತ ಕೇಳಿ. ಬಿಡ್ ಹಾಕಿದವರಲ್ಲಿ ನಿಮ್ಮ ಭಾವ, ಮೈದುನ, ಪಾಲುದಾರ ಯಾರಾದರೂ ಇದ್ದರೆ ಅದನ್ನು ಹೇಳಿ ಆ ವಿಷಯ ಮುಗಿಯುವ ತನಕ ಹೊರಗಿರಿ.

ಹಂತ 6: ನಿರ್ಣಯದ ಭಾಷೆ ಓದುವುದು

ಹೊರಗಿನವರಿಗೆ ಇದು ಎಲ್ಲಕ್ಕಿಂತ ಉಪಯೋಗದ ವಿದ್ಯೆ. ನಡಾವಳಿಯಲ್ಲಿ ಐದಾರು ವಾಕ್ಯಗಳೇ ಮತ್ತೆ ಮತ್ತೆ ಬರುತ್ತವೆ. ಒಂದೊಂದಕ್ಕೂ ಒಳಗೊಂದು ಅರ್ಥ ಇದೆ.

"ಅನುಮೋದಿಸಲಾಯಿತು": ಕೆಲಸ ಆಯಿತು. ಆದೇಶ ಹೊರಡುತ್ತದೆ.

"ತಾತ್ವಿಕವಾಗಿ ಒಪ್ಪಲಾಯಿತು": ಇನ್ನೂ ಆಗಿಲ್ಲ. ಹಣವೋ ವಿವರವೋ ಬಾಕಿ ಇದೆ. ಇದನ್ನು ಹಿಡಿದುಕೊಂಡು ಯಾರಾದರೂ ಕಾರ್ಯಾದೇಶ ಕೊಟ್ಟಿದ್ದರೆ ಅಲ್ಲಿ ಪ್ರಶ್ನೆ ಕೇಳಬಹುದು.

"ಉಪಸಮಿತಿ ರಚಿಸಲು ತೀರ್ಮಾನಿಸಲಾಯಿತು": ಎರಡರಲ್ಲಿ ಒಂದು. ನಿಜವಾಗಿ ಜಾಗ ನೋಡಿ ಬರಬೇಕಿದೆ, ಅಥವಾ ಸಭೆಯಲ್ಲಿ ಜಗಳ ಆಗಿದೆ. ವರದಿಗೆ ಗಡುವು ಬರೆದಿದ್ದರೆ ಮೊದಲನೆಯದು. ಗಡುವು ಇಲ್ಲದಿದ್ದರೆ ಎರಡನೆಯದು.

"ಮಾಹಿತಿಗಾಗಿ ಮಂಡಿಸಲಾಯಿತು, ಗಮನಿಸಲಾಯಿತು": ಎಲ್ಲ ಮೊದಲೇ ಆಗಿಹೋಗಿದೆ, ಸಿಂಡಿಕೇಟಿಗೆ ಸುದ್ದಿ ಮುಟ್ಟಿಸಿದ್ದಾರೆ ಅಷ್ಟೇ.

"ಘಟನೋತ್ತರ ಅನುಮೋದನೆ ನೀಡಲಾಯಿತು": ತುರ್ತು ಸಂದರ್ಭದಲ್ಲಿ ಕುಲಪತಿಗಳು ತಾವೇ ಕ್ರಮ ಕೈಗೊಂಡು ಆಮೇಲೆ ಸಂಬಂಧಪಟ್ಟ ಪ್ರಾಧಿಕಾರದ ಮುಂದೆ ಇಡಲು ಅವಕಾಶ ಇದೆ. ಮಳೆಗೆ ಹಾಸ್ಟೆಲ್ ಗೋಡೆ ಬಿದ್ದರೆ ಸಭೆಗೆ ಕಾಯುವುದಕ್ಕೆ ಆಗುತ್ತಾ? ಆದರೆ ಕರಾರು ಮುಗಿಯುವ ದಿನಾಂಕ ಮೂರು ವರ್ಷದಿಂದ ಗೊತ್ತಿದ್ದ ಕ್ಯಾಂಟೀನ್ ಹೇಗೆ ತುರ್ತು ಆಗುತ್ತದೆ? ಒಂದು ವರ್ಷದ ನಡಾವಳಿಗಳನ್ನು ಒಟ್ಟಿಗೆ ಇಟ್ಟುಕೊಂಡು ಈ ಪದ ಎಷ್ಟು ಸಲ ಬಂದಿದೆ ಎಣಿಸಿ. ಆ ಆಡಳಿತ ಹೇಗೆ ನಡೆಯುತ್ತಿದೆ ಅಂತ ಗೊತ್ತಾಗಲು ಬೇರೆ ಏನೂ ಬೇಡ.

"ಕುಲಪತಿಗಳಿಗೆ ಅಧಿಕಾರ ನೀಡಲಾಯಿತು": ಮುಂದಿನ ಹೆಜ್ಜೆ ಸಿಂಡಿಕೇಟಿಗೆ ವಾಪಸ್ ಬರುವುದಿಲ್ಲ. ಎಷ್ಟು ಮೊತ್ತದ ತನಕ, ಯಾವ ಕೆಲಸಕ್ಕೆ ಅಂತ ಬರೆದಿದ್ದಾರಾ ನೋಡಿ.

ಹಂತ 7: ಆದೇಶ, ಕರಾರು, ಠೇವಣಿ

ಇದು ಸಣ್ಣ ಹಂತ, ಆದರೆ ಕ್ರಮ ತಪ್ಪಬಾರದು. ಮೊದಲು ಒಪ್ಪಿಗೆ ಪತ್ರ, ಆಮೇಲೆ ಠೇವಣಿ, ಆಮೇಲೆ ಕರಾರಿಗೆ ಸಹಿ, ಕೊನೆಗೆ ಬೀಗದ ಕೈ. ಬೀಗದ ಕೈ ಮೊದಲು ಕೊಟ್ಟರೆ ಠೇವಣಿ "ಮುಂದಿನ ವಾರ" ಬರುತ್ತದೆ, ಆ ವಾರ ಬರುವುದೇ ಇಲ್ಲ. ಹಸ್ತಾಂತರದ ದಿನ ಮೀಟರ್ ರೀಡಿಂಗ್, ಪಾತ್ರೆ, ಫ್ಯಾನು, ಸಿಂಕು ಎಲ್ಲದರ ಪಟ್ಟಿ ಮಾಡಿ ಇಬ್ಬರೂ ಸಹಿ ಹಾಕಿ.

ಹಂತ 8: ಹೊರಗಿನಿಂದ ನೋಡುವವರಿಗೆ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಆಡಳಿತ ಮಂಡಳಿಯನ್ನು ರೀಜೆಂಟ್ಸ್ ಅನ್ನುತ್ತಾರೆ. 26 ಸದಸ್ಯರಲ್ಲಿ ಒಬ್ಬರು ವಿದ್ಯಾರ್ಥಿ. ಬಹಿರಂಗ ಅಧಿವೇಶನ ಆನ್‌ಲೈನ್‌ನಲ್ಲಿ ನೇರ ಪ್ರಸಾರ ಆಗುತ್ತದೆ, ಸಾರ್ವಜನಿಕರು ಹೆಸರು ಕೊಟ್ಟು ಮಾತಾಡಬಹುದು. ನಮ್ಮಲ್ಲಿ ಸಿಂಡಿಕೇಟ್ ಹಾಲಿನ ಬಾಗಿಲು ಮುಚ್ಚಿರುತ್ತದೆ, ಹೊರಗೆ ಅಟೆಂಡರ್ ಕೂತಿರುತ್ತಾರೆ. ಹಾಗಾಗಿ ನಮಗೆ ಇರುವ ದಾರಿ ಮಾಹಿತಿ ಹಕ್ಕು.

2005ರ ಕಾಯ್ದೆಯ 4(1)(ಬಿ) ಕಲಮಿನಲ್ಲಿ ಒಂದು ಸಾಲು ಇದೆ. ಪ್ರತಿ ಸಾರ್ವಜನಿಕ ಸಂಸ್ಥೆ ತನ್ನ ಮಂಡಳಿ, ಸಮಿತಿಗಳ ಪಟ್ಟಿ ಕೊಡಬೇಕು. ಅವುಗಳ ಸಭೆಗೆ ಜನ ಬರಬಹುದಾ, ನಡಾವಳಿ ಜನರಿಗೆ ಸಿಗುತ್ತದಾ ಎಂಬುದನ್ನು ತಾನಾಗಿಯೇ ಪ್ರಕಟಿಸಬೇಕು. ಮೊದಲು ವೆಬ್‌ಸೈಟಿನಲ್ಲಿ ಇದನ್ನು ಹುಡುಕಿ. ಕೆಲವು ವಿಶ್ವವಿದ್ಯಾಲಯಗಳು ನಡಾವಳಿಯನ್ನೇ ಹಾಕಿರುತ್ತವೆ, ಅರ್ಜಿ ಹಾಕುವ ಕೆಲಸವೇ ತಪ್ಪುತ್ತದೆ.

ಇಲ್ಲದಿದ್ದರೆ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಬಹಳ ಜನ ಎಡವುವುದು ಇಲ್ಲೇ. ಭಾಷಣ ಬರೆಯುತ್ತಾರೆ, ಅರ್ಜಿ ವಾಪಸ್ ಬರುತ್ತದೆ. "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಬೇಡಿ, ದಾಖಲೆ ಕೇಳಿ. ಹೀಗೆ:

"ಮುಖ್ಯ ಕ್ಯಾಂಟೀನ್ ಹಂಚಿಕೆಗೆ ಸಂಬಂಧಿಸಿದ ಕಡತದಲ್ಲಿನ 1) ಟಿಪ್ಪಣಿ ಹಾಳೆಗಳು, 2) ಬಿಡ್‌ಗಳ ತುಲನಾತ್ಮಕ ಪಟ್ಟಿ, 3) ಸಿಂಡಿಕೇಟ್ ಕಾರ್ಯಸೂಚಿ ಟಿಪ್ಪಣಿ ಅನುಬಂಧಗಳ ಸಮೇತ, 4) ನಿರ್ಣಯ, 5) ಕರಾರು ಪತ್ರ, ಇವುಗಳ ದೃಢೀಕೃತ ನಕಲು ಒದಗಿಸುವುದು."

30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ 30 ದಿನದೊಳಗೆ ಅಲ್ಲೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅದಕ್ಕೂ ಬಗ್ಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗ. "ವಾಣಿಜ್ಯ ಗೋಪ್ಯತೆ" ಅಂತ 8(1)(ಡಿ) ತೋರಿಸಿ ತಳ್ಳಿಹಾಕಬಹುದು. ಬಿಡ್ ತೆರೆದು ಕೆಲಸ ಹಂಚಿ ಆದ ಮೇಲೆ ಬಾಡಿಗೆ ಮೊತ್ತದಲ್ಲಿ ಯಾವ ಗೋಪ್ಯತೆ ಉಳಿದಿದೆ, ಸಾರ್ವಜನಿಕ ಹಿತ ದೊಡ್ಡದಲ್ವಾ ಅಂತ ಮೇಲ್ಮನವಿಯಲ್ಲಿ ಬರೆಯಿರಿ.

ನಕಲು ಕೈಗೆ ಬಂದಾಗ ನಿರ್ಣಯವನ್ನು ಕೊನೆಗೆ ಓದಿ. ಮೊದಲು ಟಿಪ್ಪಣಿ ಹಾಳೆಯ ದಿನಾಂಕಗಳನ್ನು ಒಂದು ಕಾಗದದ ಮೇಲೆ ಸಾಲಾಗಿ ಬರೆದುಕೊಳ್ಳಿ. ಎಲ್ಲಿ ಎರಡು ಸಹಿಗಳ ಮಧ್ಯೆ ಎರಡು ತಿಂಗಳು ಕಳೆದಿದೆ, ಎಲ್ಲಿ ಒಂದೇ ದಿನ ಐದು ಸಹಿ ಬಿದ್ದಿದೆ ಅಂತ ಕಾಣುತ್ತದೆ. ಹಣಕಾಸು ಅಧಿಕಾರಿ "ಮರುಪರಿಶೀಲಿಸಿ" ಅಂತ ಬರೆದದ್ದಕ್ಕೆ ಮುಂದಿನ ಪುಟದಲ್ಲಿ ಉತ್ತರ ಇದೆಯಾ ಹುಡುಕಿ. ಆಮೇಲೆ ಪುಟ ಸಂಖ್ಯೆ ಎಣಿಸಿ. ಅನುಬಂಧ 3 ಇದೆಯಾ ನೋಡಿ.